ಇಪ್ಪತ್ತೊಂಬತ್ತೂ ಕಾಲು

ಮೊದಲು ಮುರಿದದ್ದು ಡೆಲ್ಫಿನ್ ಟೀಚರ ಬಿಲ್ಲು.
ಪೇಟೆಯಿಂದ ತರಿಸಿದ್ದು, ಚೆಂದದ್ದು, ಗಿಡ್ಡ.
ಇಪ್ಪತ್ತಾರು ಇಂಚಿಗೆ ಮೂವತ್ತು ಪೌಂಡೆಂದು
ಹಿಡಿಯ ಬಳಿ ಸಣ್ಣಕ್ಷರದಲ್ಲಿ ಬರೆದಿತ್ತು.
ದಿನಕ್ಕೆ ನೂರಿಪ್ಪತ್ತು ಮನೆಯ ಮೀಟರು ಓದುವವಳು
ಅದೊಂದನ್ನು ಓದಲಿಲ್ಲ.

ಎಳೆದೆ. ಸಲೀಸಾಗಿ ಬಂತು, ಬಂತು,
ಆಮೇಲೆ ಏರಿನಲ್ಲಿ ಎತ್ತು ಕಾಲೂರಿದ ಹಾಗೆ
ನಿಂತೇಬಿಟ್ಟಿತು.
ಹೆದೆ ನನ್ನ ಬೆರಳುಗಳನ್ನು ಒಂದಕ್ಕೊಂದು ಒತ್ತಿ ಹಿಂಡಿತು.
ನನ್ನ ತೋಳಿಗೆ ಇನ್ನೂ ದಾರಿ ಉಳಿದಿತ್ತು.
ಚಟ್.
ಹೊಸನಗರದ ಮೈದಾನದ ಕಾಗೆಗಳೆಲ್ಲ ಎದ್ದವು.
ಟೀಚರು ಏನೂ ಅನ್ನಲಿಲ್ಲ.
ತುಂಡುಗಳನ್ನು ಛತ್ರಿಯಂತೆ ನನ್ನ ಕಂಕುಳಿಗೆ ಸಿಕ್ಕಿಸಿ
ರಿಪ್ಪನ್‌ಪೇಟೆಯ ಬಸ್ಸು ಹತ್ತಿಸಿದರು.

ಸಾ ಮಿಲ್ಲಿನ ಹಿಂದೆ ಮೌನೇಶಾಚಾರ್ರ ಶೆಡ್ಡು.
ಕುರ್ಚಿಯ ಕಾಲು, ಗುದ್ದಲಿಯ ಕಾವು,
ಜಂತಿಗೆ ಕಟ್ಟಿ ಒಣಗಿಸಿದ ಬಗನಿಯ ಸೀಳು.
ಮುರಿದ ಜಾಗವನ್ನು ಮೂಸಿ ನೋಡಿದರು.
"ಬಿಲ್ಲಿನ ತಪ್ಪಲ್ಲ. ನಿಂದೂ ಅಲ್ಲ.
ಅಳತೆ ಕೇಳದೆ ಜೋಡಿ ಮಾಡಿದವರದ್ದು.
ಗೋಡೆಗೆ ಬೆನ್ನು ಕೊಟ್ಟು ಕೈ ಚಾಚು ಮಾರಾಯ್ತಿ."

ತಂತಿಗೆ ಒಣಹಾಕಿದ ಅಂಗಿಯಂತೆ ನಿಂತೆ.
ಟೇಪು ಒಂದು ನಡುಬೆರಳಿಂದ ಹೊರಟು
ಎದೆ ದಾಟಿ ಇನ್ನೊಂದಕ್ಕೆ ನಡೆಯಿತು.
ಟೇಪೆಂದರೆ ನನಗೆ ಟೈಲರ್ ನೂರುಲ್ಲಾನ ನಿಟ್ಟುಸಿರು:
"ತೋಳಿಗೆ ಬಟ್ಟೆ ಸಾಲಲ್ಲಕ್ಕಾ."
ಟೇಪೆಂದರೆ, ನೋಡಲು ಬಂದ ಗಂಡಿನ ಕಡೆಯವರು
ಕಾಫಿ ಲೋಟಕ್ಕೂ ಮೊದಲು ಕಂಡ
ನನ್ನ ಮಣಿಕಟ್ಟು.

"ಎಪ್ಪತ್ಮೂರು!" ಎಂದರು ಆಚಾರ್ರು,
ಗಂಟಿಲ್ಲದ ಹಲಗೆ ಸಿಕ್ಕಿದ ದನಿಯಲ್ಲಿ.
"ಎರಡೂವರೆಯಿಂದ ಭಾಗಿಸು."
ಭಾಗಿಸಿದೆ. ಲೆಕ್ಕ ನನಗೆ ಹೊಸತಲ್ಲ.
"ಅದು ಬಾಯಿಲೆಕ್ಕ. ಮೈ ಏನಂತದೆ ನೋಡುವ."
ಉದ್ದನೆಯದೊಂದು ಹಗುರ ಬಿಲ್ಲು ಕೊಟ್ಟರು,
ಮೈತುಂಬ ಗೆರೆಯಿದ್ದ ಬಾಣ.
"ಪುರಾಣದವರು ಕಿವಿ ತನಕ ಎಳೆದರು, ಎಳೀಲಿ.
ನಿಂಗೆ ತುಟಿಯ ಕೊನೆ ಸಾಕು. ಹೆಗಲು ಏರಿಸಬೇಡ."
ಸೀಮೆಸುಣ್ಣ ಬಾಣಕ್ಕೆ ತಾಗಿತು.
ಇಪ್ಪತ್ತೊಂಬತ್ತೂ ಕಾಲು.

ದಾರಂದದ ಮೇಲೆ ಪೆನ್ಸಿಲಲ್ಲಿ ಬರೆದುಕೊಂಡರು,
ಉಳಿದವರ ಕೆಳಗೆ.
ಕುಂಸಿ ಹಾಲಪ್ಪ ೨೮. ಪಿಯೂಸ್ ೨೭ ಮುಕ್ಕಾಲು.
ಗಿರಿಜೆ ೨೫ ಎಂಬುದರ ಮೇಲೆ ಮಾತ್ರ
ಅಳಿಸದಂತೆ ವಾರ್ನಿಶ್ ಬಳಿದಿತ್ತು.
ನಾನು ಕೇಳಲಿಲ್ಲ.

"ಎಷ್ಟು ಪೌಂಡು ಬೇಕು?"
"ಐವತ್ತು."
"ಐವತ್ತು ಜಂಬಕ್ಕೆ. ನಿಂಗೆ ಮೂವತ್ತೈದು.
ಬೆಳಗಿಂದ ಸಂಜೆ ತನಕ ಎಳೆದರೂ ಕೈ ನಡುಗಬಾರದು.
ಆದ್ರೆ ಉದ್ದ ಆರಡಿ ಕೊಡ್ತೆ.
ಗಿಡ್ಡ ಮರ ಉದ್ದ ಕೈಯ ಹತ್ರ
ಕೊನೇ ಗಳಿಗೆಯಲ್ಲಿ ಜಗಳ ತೆಗೀತದೆ."

ಏಳು ಭಾನುವಾರ ಹೋಗಿ ಕೂತೆ.
ಹೊಟ್ಟೆಗೆ ಕಪ್ಪು ಬಗನಿ, ಬೆನ್ನಿಗೆ ಹೆಬ್ಬಿದಿರು.
ಗೂಟಕ್ಕೆ ಸಿಕ್ಕಿಸಿ ರಾಟೆಯ ಹಗ್ಗದಲ್ಲಿ ತುಸುವೇ ಬಗ್ಗಿಸಿ
ದೂರ ನಿಂತು ಒಂದು ಕಣ್ಣು ಮುಚ್ಚಿ,
ಎಡರೆಕ್ಕೆ ಬಿಗಿ ಎಂದು
ಗಾಜಿನ ಚೂರಿನಿಂದ ಹೆರೆದು, ಮತ್ತೆ ಬಗ್ಗಿಸಿ.
ಇಪ್ಪತ್ತು. ಇಪ್ಪತ್ನಾಲ್ಕು. ಇಪ್ಪತ್ತೇಳಕ್ಕೆ ಒಂದು ವಾರ ಸುಮ್ಮನಿದ್ದರು.
ನನ್ನ ಅಂಕೆಗೆ ಬಂದು ಹಗ್ಗ ಬಿಟ್ಟರು.
ನೂಲಿನಷ್ಟೂ ಮುಂದೆ ಹೋಗಲಿಲ್ಲ.

ಹೆದೆ ಏರಿಸಿ, ಹಿಡಿಯ ಮೇಲೆ ಮುಷ್ಟಿಯಿಟ್ಟು
ಹೆಬ್ಬೆರಳೆತ್ತಿದೆ. ಉಗುರಿಗೆ ಹೆದೆ ತಾಗಿತು.
ಇಪ್ಪತ್ತು ಹೆಜ್ಜೆಯಾಚೆ ಮರದಹೊಟ್ಟಿನ ಚೀಲ.
ಎಳೆದೆ. ಎಲ್ಲೂ ಗೋಡೆಯಿರಲಿಲ್ಲ.
ತೋಳು ತನ್ನ ಪೂರ್ತಿ ಉದ್ದಕ್ಕೆ ಬಂದು
ತುಟಿಯ ಕೊನೆಯಲ್ಲಿ ಬೆರಳು ಕುಳಿತಾಗ
ಬಿಲ್ಲೂ ಅಷ್ಟಕ್ಕೇ ಬಂದು ಕುಳಿತಿತ್ತು.

ಬಿಟ್ಟೆ.
ಚೀಲದ ಮೇಲೆ ಹಾದು ಬೇಲಿ ದಾಟಿ ಲಂಟಾನದೊಳಕ್ಕೆ.
ಆಚಾರ್ರು ಬೀಡಿ ಹಚ್ಚಿದರು.
"ಬಿಲ್ಲು ನಿಂದೇ. ಗುರಿ ಇನ್ನು ಕಲೀಬೇಕು.
ಹೋಗಿ ಹುಡುಕು, ಬಾಣಕ್ಕೆ ದುಡ್ಡು ಬೇರೆ."

ಮುಳ್ಳಿನೊಳಗೆ ಕೈ ತೂರಿಸಿದೆ.
ನೂರುಲ್ಲಾ ಹೊಲಿದ ತೋಳು ಮೊಣಕೈಗೇ ಮುಗಿದು
ಅಲ್ಲಿಂದ ಕೆಳಗೆಲ್ಲ ಗೀರು, ಗೀರು.
ಇನ್ನೊಂದು ಗೇಣು ಒಳಗೆ
ಗರಿ ಕಾಣುತ್ತಿತ್ತು.
ಮುಟ್ಟಿತು ಕೈ.